ಬೇಟೆಯ ಪಾಲು

ಜೇಜುರಿಗೆ ಹೊರಟ ಮಾವನವರ ಊರಿನವರು ಕೋಥರೂಡದ ನಮ್ಮ ಫ್ಲ್ಯಾಟಿಗೆ ಬಂದು, ಚಹಾ ಕುಡಿದು, ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟು ಹೋದರು. ಒಳಗೆ ಕಾಡುಹಂದಿ. ಬೆಳೆ ಹಾಳು ಮಾಡುತ್ತಿತ್ತಂತೆ, ಹೊಡೆಯಲು ಅನುಮತಿ ಇತ್ತಂತೆ. ದೇವರಿಗೆ ಹೊರಟ ಗಾಡಿಯಲ್ಲಿ ಅದನ್ನು ತರಲು ಮನಸ್ಸಾದರೂ ಹೇಗೆ ಬಂತೋ.

ಮಾವನವರ ಊರಲ್ಲಿ ಒಂದು ಕಾಲಕ್ಕೆ ಬೇಟೆಗೆ ಹೋಗುತ್ತಿದ್ದ ಮುದುಕರಿಗೂ ಪಾಲು ಸಲ್ಲಬೇಕು. ಪಾಲೆಂದರೆ ಬರೀ ಮಾಂಸವಲ್ಲ. ಚರ್ಮ, ಎಲುಬು, ಕರುಳು, ಎಲ್ಲ ಒಂದಿಷ್ಟು. ಮನೆಯಲ್ಲಿ ಯಾರೂ ತಿನ್ನದೆ ಎಸೆದರೆ ಮುಂದೆ ಆ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಮಾವನವರಿಗೆ ಗಂಜಿಯೇ ಕಷ್ಟಪಟ್ಟು ಇಳಿಯುತ್ತಿತ್ತು. ಚೀಲ ನೋಡಿದ್ದೇ ತಡ, ಗೋಡೆ ಹಿಡಿದು ಎದ್ದು ಕೂತರು. ನನ್ನ ಗಂಡ ಮಾತ್ರ ಮೀಟಿಂಗ್ ನೆಪ ಹೇಳಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

ನಾನೇನು ಸಸ್ಯಾಹಾರಿಯಲ್ಲ. ಆದರೆ ನನ್ನ ಮಟನ್ ಅಂಗಡಿಯಲ್ಲೇ ತುಂಡಾಗಿ ಬರುತ್ತದೆ, ಅದಕ್ಕೆ ಕೂದಲಿರುವುದಿಲ್ಲ. ಇದರ ಚರ್ಮದ ಮೇಲೆ ಬ್ರಷ್ಷಿನಂಥ ಕೂದಲು, ಮಡಿಕೆಯಲ್ಲಿ ಕೆಸರು, ಅದರ ನಡುವೆ ರಕ್ತ ಕುಡಿದು ಉಬ್ಬಿದ ಒಂದು ಉಣ್ಣಿ. ಚರ್ಮವನ್ನು ಚಪಾತಿ ಸುಡುವ ಚಿಮಟದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಕೂದಲು ಚಟಚಟ ಸುಟ್ಟು ಮನೆಯೆಲ್ಲ ನಾರಿತು. ಎದುರು ಮನೆಯ ಅಜ್ಜಿ ಬಾಗಿಲು ಬಡಿದು, ವೈರ್ ಸುಡುತ್ತಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಹೌದು, ಮಿಕ್ಸರ್‌ನದು ಎಂದೆ.

ಸುಟ್ಟ ಕರಿಯನ್ನು ತರಕಾರಿ ಚಾಕುವಿನಿಂದ ಹೆರೆದೆ. ಜಿಡ್ಡು ಉಗುರಿನೊಳಗೆ ಹೊಕ್ಕಿತು. ಕರುಳಿನ ಬಾಯನ್ನು ಸಿಂಕಿನ ನಲ್ಲಿಗೆ ಸಿಕ್ಕಿಸಿ ನೀರು ಬಿಟ್ಟೆ. ಆ ಕಡೆಯಿಂದ ಹಸಿರು ಗಸಿ ಬಂತು. ನನಗೆ ಎರಡು ಸಲ ವಾಂತಿಯಾಯಿತು. ಇಡೀ ಊರಿಗೆ, ಬೇಟೆಗೆ, ಪಾಲು ಹಂಚುವ ಪದ್ಧತಿಗೆ ಬಾಯಿಗೆ ಬಂದಂತೆ ಬೈದೆ. ಅರಿಶಿನ, ಉಪ್ಪು, ಬೆಳ್ಳುಳ್ಳಿ ಹಾಕಿ ಕುಕ್ಕರ್ ಮುಚ್ಚಿದಾಗ, ಈ ಕುಕ್ಕರನ್ನು ಇನ್ನು ಅನ್ನಕ್ಕೆ ಬಳಸುವುದಿಲ್ಲ ಎಂದು ತೀರ್ಮಾನಿಸಿದ್ದೆ.

ರಸ ಸೋಸಿ ಮಾವನವರಿಗೆ ಒಂದು ಚಮಚ ಕುಡಿಸಿದೆ. ಇಳಿಯಲಿಲ್ಲ. ಕೆಮ್ಮು ಹತ್ತಿ, ರಸವೆಲ್ಲ ಮೂಗಿನಿಂದ ಬಂದು ಅಂಗಿಯ ಮೇಲೆ ಸುರಿಯಿತು. ಒರೆಸುವಾಗ ಅವರ ಕಣ್ಣಲ್ಲಿ ನೀರಿತ್ತು; ಕೆಮ್ಮಿನದೋ ಏನೋ. ತುಂಡುಗಳಿದ್ದ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

"ನೀ ತಿನ್ನು ಯವ್ವಾ. ಪಾಲು ಒಗೀಬಾರ್ದು."

ಒಲ್ಲೆ ಎನ್ನಲು ಬಾಯಿ ತೆರೆದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ಚರ್ಮದ ಒಂದು ತುಂಡು ಬಾಯಲ್ಲಿಟ್ಟುಕೊಂಡೆ. ಕೊಬ್ಬು ಹಲ್ಲಿಗೆ ಅಂಟಿತು, ಸುಟ್ಟ ಕೂದಲಿನ ವಾಸನೆ ಮೂಗಿಗೆ ಏರಿತು.

"ಮೆತ್ತಗಾಗೇದೇನು?"

"ಭಾಳ ಛಲೋ ಆಗೇದ್ರಿ ಮಾವಾರ," ಎಂದೆ.

ಇನ್ನೊಂದು ತುಂಡು ತೆಗೆದುಕೊಂಡು ಅಗಿಯತೊಡಗಿದೆ. ಎದುರಿಗೆ ಅವರ ಬರಿಬಾಯಿಯ ದವಡೆಯೂ ನನ್ನ ಜೊತೆಗೇ ಆಡುತ್ತಿತ್ತು.