ಆರು ಸಂಘಗಳ ಏಳನೆಯವಳು

ಕಿರ್ರ್… ಟಪ್. ಕಿರ್ರ್… ಟಪ್.

ಬೆಳಗ್ಗೆ ಎಂಟಾದರೆ ಸಮುದಾಯ ಭವನದೊಳಗಿಂದ ಈ ಸದ್ದು. ಬೀಗದಕ್ಕ ಕಬ್ಬಿಣದ ಮಡಚು ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಮಡಚಿ, ಗೋಡೆಗೆ ಒರಗಿಸುತ್ತಿದ್ದಳು. ಸಾಂಕ್ರಾಮಿಕ ಬಂದು ಭವನ ಮುಚ್ಚಿ ಐದು ತಿಂಗಳಾಗಿತ್ತು. ಕೂರುವವರು ಯಾರೂ ಇರಲಿಲ್ಲ. ಆದರೆ ಕೂರುವವರಿಲ್ಲವೆಂದು ತುಕ್ಕು ಸುಮ್ಮನಿರುತ್ತದೆಯೇ?

"ನೂರಿಪ್ಪತ್ತು ಕುರ್ಚಿಗೂ ವ್ಯಾಯಾಮ ಮಾಡಿಸ್ತೀಯ, ಕಟ್ಕೊಂಡ ಗಂಡನಿಗೆ ಒಂದು ಲೋಟ ಟೀ ಇಲ್ಲ" ಎಂದು ಹಿಂಬಾಗಿಲಿನಿಂದ ಅವಳ ಗಂಡ ಕೂಗಿದ. ನಿವೃತ್ತ ಬಸ್ ಕಂಡಕ್ಟರ್. ಅವನ ಪಿಸುಮಾತೂ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವಂಥದ್ದು.

"ಒಲೆ ಮೇಲಿದೆ, ಬಗ್ಗಿಸ್ಕೊಳ್ಳಿ. ಕೈ ಇದಾವಲ್ಲ."

ಭವನದ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಇಪ್ಪತ್ತೆರಡು ವರ್ಷಗಳಿಂದ ಭವನದ ಬೀಗದ ಗೊಂಚಲು ಅವಳ ಸೊಂಟದಲ್ಲಿ. ಬೀಗ ತೆಗೆಯುವುದು, ಗುಡಿಸುವುದು, ಕುರ್ಚಿ ಹಾಕುವುದು, ಕೊನೆಗೆ ದೀಪ ಆರಿಸುವುದು ಅವಳ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿ ಅಂಟಿಕೊಂಡಿತ್ತು.

ಅವಳು ಮೊದಲ ಸಂಘ ಸೇರಿದ್ದು ಕೈಯಲ್ಲಿ ಪೊರಕೆ ಹಿಡಿದುಕೊಂಡೇ. ಅಂದು ಚದುರಂಗ ಸಂಘದ ನೋಂದಣಿ. ಏಳು ಜನರ ಸಹಿ ಬೇಕು, ಬಂದವರು ಆರು. ಏಳನೆಯವರಿಗೆ ಹಲ್ಲುನೋವು. ಲೆಕ್ಕದ ಮೇಷ್ಟ್ರು ಅತ್ತಿತ್ತ ನೋಡಿ, "ಅಕ್ಕ, ಪೊರಕೆ ಅಲ್ಲಿಡಿ, ಇಲ್ಲೊಂದು ಸಹಿ ಹಾಕಿ" ಎಂದರು. ಹಾಕಿದಳು. ಸುದ್ದಿ ಹಬ್ಬಿತು. ಹೊಲಿಗೆಯವರು ಬಂದರು, ನಾಟಕದವರು, ತೋಟದವರು, ಚರ್ಚಾಕೂಟದವರು, ಕೊನೆಗೆ ಗಾಯನದವರು. ಈ ಊರಿನಲ್ಲಿ ಯಾವ ಕೆಲಸಕ್ಕೂ ಆರು ಜನ ಸಿಗುತ್ತಿದ್ದರು, ಏಳನೆಯವರಿಗೆ ಮಾತ್ರ ಏನಾದರೊಂದು ಆಗಿರುತ್ತಿತ್ತು. ಒಬ್ಬರಿಗೆ ನೆಗಡಿ, ಒಬ್ಬರಿಗೆ ಮುನಿಸು, ಒಬ್ಬರಿಗೆ ಬರೀ ನಿದ್ದೆ.

ಹೀಗೆ ಬೀಗದಕ್ಕ ಆರು ಸಂಘಗಳ ಏಳನೆಯವಳಾದಳು. ಚದುರಂಗದಲ್ಲಿ ಅವಳಿಗೆ ಕುದುರೆಯೊಂದರದೇ ಪರಿಚಯ. ನಾಟಕದಲ್ಲಿ ಎರಡು ಸಲ ಹೆಣವಾಗಿ ಮಲಗಿದ್ದಳು. ಎರಡನೆಯ ಸಲ ಸೀನಿದ್ದಕ್ಕೆ ನಾಯಕನಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ಚರ್ಚಾಕೂಟದಲ್ಲಿ ಇಷ್ಟು ವರ್ಷಕ್ಕೂ ಅವಳದು ಒಂದೇ ಮಾತು: "ಟೈಮಾಯ್ತು, ದೀಪ ಆರಿಸ್ತೀನಿ." ಆ ವಾದವನ್ನು ಖಂಡಿಸಲು ಯಾರಿಂದಲೂ ಆಗಿರಲಿಲ್ಲ.

ಗಾಯನ ಸಂಘದ ಮಾತು ಬೇರೆ. ಅಲ್ಲಿ ಅವಳಿಗೆ ಆಸೆಯಿತ್ತು. ಮೊದಲ ಭಾನುವಾರ ಎಲ್ಲರೊಡನೆ ಬಾಯಿ ತೆರೆದು ಹಾಡಿದಳು. ಹಾಡು ಕಲಿಸುವ ಟೀಚರಮ್ಮ ಹಾರ್ಮೋನಿಯಂ ನಿಲ್ಲಿಸಿ, ಅವಳನ್ನು ಕಂಬದ ಮರೆಗೆ ಕರೆದು, ತುಂಬ ಮೆತ್ತಗೆ, "ಅಕ್ಕ, ನೀವು ಬಾಯಿ ಆಡಿಸಿ ಸಾಕು. ಧ್ವನಿ ಬೇಡ" ಎಂದರು. ಅಂದಿನಿಂದ ಹದಿನೆಂಟು ವರ್ಷ ಕೊನೆಯ ಸಾಲಿನ ತುದಿಯಲ್ಲಿ ನಿಂತು ಅವಳು ತುಟಿಯಲ್ಲೇ ಹಾಡಿದಳು. ಸಾಹಿತ್ಯ ಒಂದಕ್ಷರ ತಪ್ಪುತ್ತಿರಲಿಲ್ಲ. ಸಾಲು ಮರೆತವರು ಅವಳ ತುಟಿ ನೋಡಿ ಹಾಡುತ್ತಿದ್ದರು. ಹಾಡು ಮಾತ್ರ ಗಂಟಲಿನವರೆಗೆ ಬಂದು, ಬಾಗಿಲು ಮುಚ್ಚಿದೆಯೆಂದು ಹಿಂದಿರುಗಿ ಹೋಗುತ್ತಿತ್ತು.

ಈ ನಡುವೆ ಸರ್ಕಾರ, ಸಾಂಕ್ರಾಮಿಕದಿಂದ ನಿಂತುಹೋದ ಸಣ್ಣ ಊರುಗಳ ಸಂಘಗಳಿಗೆ ನೆರವು ಕೊಡುವುದಾಗಿ ಸಾರಿತು. ಆರೂ ಸಂಘಗಳು ಅರ್ಜಿ ಹಾಕಿದವು. ನಾಟಕದವರಿಗೆ ಹೊಸ ಪರದೆ ಬೇಕಿತ್ತು, ಹೊಲಿಗೆಯವರಿಗೆ ಕಸೂತಿ ಯಂತ್ರ. ಇಡೀ ಬೀದಿಗೆ ಕೇಳುವಂತೆ ಮಾತಾಡುವ ಚರ್ಚಾಕೂಟದವರು ಮೈಕು ಕೇಳಿದ್ದರು. ಗಾಯನದವರೂ ಕೇಳಿದ್ದು ಮೈಕನ್ನೇ: ಅದನ್ನು ಗಾಡಿಗೆ ಕಟ್ಟಿ, ಬೀದಿ ಬೀದಿಯಲ್ಲಿ ನಿಂತು, ಹೊಸ್ತಿಲು ದಾಟಲಾರದ ಮುದುಕರಿಗೆ ಹಾಡು ಕೇಳಿಸಬೇಕೆಂದು.

ಅಂದು ಬೆಳಗ್ಗೆ ಕುರ್ಚಿ ಕೆಲಸ ಮುಗಿಯುವ ಹೊತ್ತಿಗೆ ಫೋನ್ ಬಂತು. ನೆರವಿನ ಕಚೇರಿಯ ಗುಮಾಸ್ತ.

"ಅಮ್ಮಾ, ಆರು ಅರ್ಜೀಲೂ ನಿಮ್ಮ ಹೆಸರೇ ಇದೆ. ನೀವು ಒಬ್ರೇನಾ, ಆರು ಜನಾನಾ?"

"ಒಬ್ಬಳೇ ಸಾರ್. ಮನೇಲಿ ಕೇಳಿದ್ರೆ ಆ ಒಬ್ಬಳೂ ಸಿಗಲ್ಲ ಅಂತಾರೆ."

ಗುಮಾಸ್ತ ನಕ್ಕ, ಆದರೆ ನಿಯಮ ನಗಲಿಲ್ಲ. "ಒಬ್ರು ಒಂದೇ ಸಂಘದಲ್ಲಿ ಇರ್ಬೇಕಮ್ಮ. ಹೊಸ ಹೆಸರು ಸೇರಿಸೋಕೆ ಕೊನೇ ದಿನ ಮುಗೀತು. ನೀವು ಯಾವುದು ಅಂತೀರೋ ಅದೊಂದಕ್ಕೆ ನೆರವು. ಮಿಕ್ಕ ಐದೂ ಮೂರು ತಿಂಗಳು ಬಿಟ್ಟು ಎರಡನೇ ಸುತ್ತಿಗೆ ಹಾಕ್ಲಿ. ನಾಲ್ಕು ಗಂಟೆಗೆ ಮತ್ತೆ ಮಾಡ್ತೀನಿ, ಯೋಚಿಸಿ ಹೇಳಿ."

ಇಪ್ಪತ್ತೆರಡು ವರ್ಷದಲ್ಲಿ 'ನಿಮಗೆ ಯಾವುದು ಬೇಕು' ಎಂದು ಅವಳನ್ನು ಕೇಳಿದ ಮೊದಲ ಮನುಷ್ಯ ಅವನು. ಅವನ ಮುಖವನ್ನೂ ಅವಳು ಕಂಡಿರಲಿಲ್ಲ.

"ಯಾರಿಗೂ ಹೇಳ್ಬೇಡಿ" ಎಂದು ಗಂಡನಿಗೆ ಹೇಳಿದಳು. ಹನ್ನೊಂದರೊಳಗೆ ಆ ಸುದ್ದಿಯ ಟಿಕೆಟ್ ಊರಿಗೆಲ್ಲ ಹರಿದಾಗಿತ್ತು.

ಮಧ್ಯಾಹ್ನ ಅಂಗಳದಲ್ಲಿ, ಸೀಮೆಸುಣ್ಣದ ವೃತ್ತಗಳೊಳಗೆ, ಮಾಸ್ಕ್ ಹಾಕಿಕೊಂಡು ಸಂಘಗಳ ಹಿರಿಯರು ಒಬ್ಬೊಬ್ಬರಾಗಿ ಬಂದು ನಿಂತರು. ಔಷಧಿ ಅಂಗಡಿಯವರು, ಅವರೇ ನಾಟಕದ ನಾಯಕ, ಎದೆಯ ಮೇಲೆ ಕೈಯಿಟ್ಟು, "ಅಕ್ಕ, ಮುಂದಿನ ನಾಟಕದಲ್ಲಿ ನಿಮಗೆ ರಾಣಿ ಪಾರ್ಟು" ಎಂದರು.

"ಸಾಯೋ ರಾಣೀನಾ?"

ಅವರು ತಡವರಿಸಿದರು. "ಕೊನೇಲಿ… ಸ್ವಲ್ಪ."

ಲೆಕ್ಕದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಎಲ್ಲಕ್ಕಿಂತ ಮೊದಲು ನೀವು ಸೇರಿದ್ದು ನಮ್ಮಲ್ಲಿ. ನ್ಯಾಯ ಅಂದ್ರೆ ನ್ಯಾಯ."

"ಸರಿ ಮೇಷ್ಟ್ರೇ. ನಿಮ್ಮ ಸಂಘದಲ್ಲಿ ನಾನು ಏನ್ ಮಾಡ್ತಿದ್ದೆ, ಹೇಳಿ ನೋಡೋಣ."

ಮೇಷ್ಟ್ರು ಆಕಾಶ ನೋಡಿದರು. "ನೀವು… ಇರ್ತಿದ್ರಿ."

"ನಮ್ಮಲ್ಲೂ ಇರ್ತಿದ್ರು!" ಪಕ್ಕದ ವೃತ್ತದಿಂದ ಹೊಲಿಗೆ ಸಂಘದ ಟೈಲರಮ್ಮ ಬಿಟ್ಟುಕೊಡಲಿಲ್ಲ. "ತುಂಬಾ ಚೆನ್ನಾಗಿ ಇರ್ತಿದ್ರು."

ಬೀಗದಕ್ಕನಿಗೆ ನಗು ಬಂತು. ಜೊತೆಗೆ ಕಣ್ಣಂಚು ಒಂದಿಷ್ಟು ಉರಿಯಿತು. ಕೆಟ್ಟವರಲ್ಲ ಇವರು. ಅವಳಿಗೆ ಜ್ವರ ಬಂದಾಗ ಮಾತ್ರೆ, ಗಂಜಿ ತಂದು ಬಾಗಿಲಲ್ಲಿ ಇಟ್ಟವರೂ ಇವರೇ. ಕಂಬವನ್ನು ಯಾರು ತಾನೇ ದಿನಾ ಮಾತಾಡಿಸುತ್ತಾರೆ?

ಟೀಚರಮ್ಮ ಎಲ್ಲರಿಗಿಂತ ತಡವಾಗಿ ಬಂದು, ಗೇಟಿನ ಬಳಿಯ ವೃತ್ತದಲ್ಲಿ ನಿಂತರು.

"ನೀವೇನೂ ಕೇಳಲ್ವಾ ಟೀಚರಮ್ಮ?"

"ಯಾವ ಮುಖ ಇಟ್ಕೊಂಡು ಕೇಳ್ಲಿ ಅಕ್ಕ? ಹಾಡ್ಬೇಡಿ ಅಂದವಳು ನಾನೇ."

"ನೆನಪಿದೆಯಾ ನಿಮಗೆ?"

"ಇಲ್ದೆ ಏನು. ನಿಮ್ಮ ಸ್ವರ ನಮ್ಮೆಲ್ಲರಿಗಿಂತ ಕೆಳಗೆ ಇರುತ್ತೆ. ಗಂಡಸರಿಗೂ ಸಿಗದಷ್ಟು ಕೆಳಗೆ. ಅದಕ್ಕೆ ಎಲ್ಲಿ ಜಾಗ ಮಾಡೋದು ಅಂತ ನಂಗೆ ಆಗ ಗೊತ್ತಿರ್ಲಿಲ್ಲ. ಆಮೇಲೆ ಕೇಳೋಕೆ ನಾಚಿಕೆ ಆಯ್ತು."

ಹದಿನೆಂಟು ವರ್ಷದ ಹಿಂದೆ ಒಂದೇ ಒಂದು ಭಾನುವಾರ ಕೇಳಿದ ಧ್ವನಿ. ಅದು ಎಷ್ಟು ಕೆಳಗಿತ್ತೆಂದು ಈಕೆಗೆ ಇನ್ನೂ ನೆನಪಿದೆ. ಬೀಗದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬೀದೀಲಿ ಹಾಡುವಾಗ ಮಾಸ್ಕ್ ಹಾಕ್ಬೇಕಲ್ವಾ ಟೀಚರಮ್ಮ?"

"ಹಾಕ್ಲೇಬೇಕು."

"ಮಾಸ್ಕೊಳಗೆ ಬಾಯಿ ಆಡಿಸಿದ್ರೆ ಯಾರಿಗೆ ಕಾಣುತ್ತೆ? ನಾನು ಬರೋದಾದ್ರೆ ಧ್ವನಿ ತಗೊಂಡೇ ಬರ್ತೀನಿ. ಆಗುತ್ತೋ ಇಲ್ವೋ, ಈಗ್ಲೇ ಹೇಳಿ."

ಟೀಚರಮ್ಮನ ಕಣ್ಣಿನಲ್ಲಿ ಮೊದಲು ಗಾಬರಿ, ಆಮೇಲೆ ಏನೋ ಲೆಕ್ಕಾಚಾರ, ಕೊನೆಗೆ ಶರಣಾಗತಿ ಕಂಡವು. "ಆಗುತ್ತೆ."

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ವೃತ್ತಗಳು ಒಮ್ಮೆಲೇ ಬಾಯಿಬಿಟ್ಟವು.

"ಅಕ್ಕ, ರಾಣಿ ಸಾಯೋದೇ ಬೇಡ, ಕಥೇನೇ ಬದಲಾಯಿಸ್ತೀನಿ!"

"ನಮಗಿನ್ನು ಏಳನೆಯವರು ಯಾರು ಸಿಗ್ತಾರೆ?" ಎಂದು ಮೇಷ್ಟ್ರು ಗೋಳಾಡಿದರು.

"ನಿಮ್ಮ ಮನೆಯವರು ಇದಾರಲ್ಲ ಮೇಷ್ಟ್ರೇ. ಚದುರಂಗದಲ್ಲಿ ದಿನಾ ನಿಮ್ಮನ್ನ ಸೋಲಿಸ್ತಾರಂತೆ" ಎಂದಳು ಬೀಗದಕ್ಕ.

"ಅದು ಯಾರು ಹೇಳಿದ್ದು?" ಮೇಷ್ಟ್ರು ವೃತ್ತದಿಂದ ಒಂದು ಕಾಲು ಹೊರಗಿಟ್ಟೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಮೆಲ್ಲಗೆ ಒಳಗೆ ಸರಿದ.

ಅಂಗಳದಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಹೋಗಬೇಕು. ಬೀಗದಕ್ಕ ಫೋನ್ ಕಿವಿಗೆ ಹಿಡಿದು ಗೇಟಿನತ್ತ ಹೆಜ್ಜೆ ಹಾಕಿದಳು.

"ಹಾಂ ಸಾರ್, ನಾನೇ. ಗಾಯನ ಸಂಘ ಅಂತ ಬರ್ಕೊಳ್ಳಿ."

"ಆದ್ರೆ ಅಕ್ಕ, ಒಂದು ಮಾತು," ಪಕ್ಕದಲ್ಲೇ ಹಾದುಹೋದವಳಿಗೆ ಟೀಚರಮ್ಮ ಹೇಳುತ್ತಿದ್ದರು, "ಮೊದಲ ಬೀದೀಲೇ ಧ್ವನಿ ಪೂರ್ತಿ ಬಿಡ್ಬೇಡಿ. ಮೊದಲು ಪಲ್ಲವಿ ಮಾತ್ರ, ಅದೂ ಸ್ವಲ್ಪ ಮೆತ್ತಗೆ… ಆಮೇಲೆ ನಾನು ಕೈ ತೋರಿಸ್ದಾಗ… ಅಕ್ಕ, ಕೇಳಿಸ್ತಾ ಇದೆಯಾ?"

ಬೀಗದಕ್ಕ ಆಗಲೇ ಬೀದಿಗೆ ಇಳಿದಿದ್ದಳು.