ಹುಲ್ಲಿಗೆ ಅಂಟಿದ ಮೊಟ್ಟೆ

ಕೊಳ್ಳೇಗಾಲದ ಸಂತೆಯಿಂದ ಸೊಸೆ ತಂದ ಒಣಮೀನಿನ ಪೊಟ್ಟಣ ಬಿಚ್ಚಿದಾಗ ಮನೆಯೆಲ್ಲ ಕಡಲಿನ ವಾಸನೆ ತುಂಬಿತು. ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ನಾಲ್ಕು ಸಾಲು ಓದಲು ಸಿಕ್ಕವು. ಸಮುದ್ರದ ನೀರಿನ ಬಿಸಿ, ಸೆಳೆತ ನೋಡಿಕೊಂಡೇ ಸಣ್ಣ ಮೀನುಗಳು ಮೊಟ್ಟೆ ಇಡುವ ಜಾಗ ಆರಿಸುತ್ತವಂತೆ. ನೀರು ಬದಲಾದರೆ ಜಾಗವೂ ಬದಲಾಗುತ್ತದಂತೆ. ಓದುತ್ತಿದ್ದಂತೆ ಪಕ್ಕದ ಮನೆಯ ಮಾವ ನೆನಪಾದರು. ಕಡಲನ್ನು ಅವರು ಕಂಡವರಲ್ಲ. ಆದರೆ ನಮ್ಮ ಕೆರೆಯ ಮಟ್ಟಿಗೆ ಇದೆಲ್ಲ ಅವರಿಗೆ ಗೊತ್ತಿತ್ತು...

ಸಂಬಂಧದಲ್ಲಿ ಮಾವನಲ್ಲ, ಕರೆಯುತ್ತಿದ್ದುದು ಹಾಗೆ. ಯಳಂದೂರಿನ ಕಡೆಯ ನಮ್ಮೂರಿನ ಚಿಕ್ಕ ಕೆರೆಯಲ್ಲಿ ಬಲೆ ಬೀಸಿ ಬದುಕುತ್ತಿದ್ದರು. ನಾನು ಅದೇ ಕೆರೆಯ ನೀರುಗಂಟಿ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಮಳೆಯ ಹೊಸ ನೀರು ಬಂದ ದಿನ ಮಾವ ಅಂಚಿಗೆ ಹೋಗಿ, ಮೊಣಕೈವರೆಗೆ ತೋಳು ಅದ್ದಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಗೆಂಡೆ ಮೀನುಗಳು ಈ ಸಲ ಯಾವ ಮೂಲೆಯ ಹುಲ್ಲಿನಲ್ಲಿ ಮೊಟ್ಟೆ ಇಡುತ್ತವೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಆ ದಿನಗಳಲ್ಲಿ ಅತ್ತ ಬಲೆ ಒಯ್ಯುತ್ತಿರಲಿಲ್ಲ.

ಒಂದು ವರ್ಷ ಟೀ ಅಂಗಡಿಯ ಮುಂದೆ ನನ್ನನ್ನು ತಡೆದರು. "ಮೂರು ದಿನ ತೂಬು ಎತ್ತಬ್ಯಾಡ ಕಣ್ಲಾ. ಅಂಚಿನ್ ಹುಲ್ನಾಗೆ ಬಾಣಂತೀರು ಅವ್ರೆ."

"ತೂಬಿನ ಬೀಗದ ಕೈ ನನ್ತಾವ ಅದೆ ಮಾವ," ಎಂದೆ.

"ಬೀಗದ ಕೈ ಸೊಂಟಕ್ಕೆ ಕಟ್ಕಂಡ್ರೆ ನೀರು ತಿಳಿದಂಗಾಯ್ತದೇನ್ಲಾ? ಎಮ್ಮೆನೂ ಕೆರೇಲೆ ಬಿದ್ದಿರ್ತದೆ!"

ಕುಳಿತಿದ್ದವರೆಲ್ಲ ನಕ್ಕರು. ಆ ನಗು ನನ್ನೊಳಗೆ ಮುಳ್ಳಾಗಿ ಉಳಿಯಿತು. ಗದ್ದೆಗಳಲ್ಲಿ ಮಳೆ ನೀರೇ ನಿಂತಿತ್ತು, ಯಾರೂ ನೀರು ಕೇಳಿರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ತೂಬು ಪೂರಾ ಎತ್ತಿದೆ. ಮಧ್ಯಾಹ್ನದ ಹೊತ್ತಿಗೆ ಅಂಚಿನ ನೀರು ಹಿಂದೆ ಸರಿದು ಹುಲ್ಲು ಬಿಸಿಲಿಗೆ ಬಿತ್ತು. ಎಸಳೆಸಳಿಗೂ ಸಾಸಿವೆಗಿಂತ ಸಣ್ಣ, ಗಾಜಿನಂಥ ಮೊಟ್ಟೆಗಳು ಅಂಟಿದ್ದವು.

ಮಾವ ಓಡಿ ಬಂದರು. "ಮ್ಯಾಲಿಂದ ಆರ್ಡರ್ ಬಂದದೆ ಮಾವ," ಎಂದೆ. ಯಾವ ಆರ್ಡರೂ ಬಂದಿರಲಿಲ್ಲ.

"ಆರ್ಡರ್ ಅಂದ್ಮ್ಯಾಕೆ ನೀನೇನ್ ಮಾಡೀಯೆ, ಬುಡು," ಎಂದು ಕೆಸರಿಗೆ ಇಳಿದರು. ಸಂಜೆಯವರೆಗೂ ಹುಲ್ಲನ್ನು ಕಿತ್ತು, ಬೊಗಸೆಯಲ್ಲಿ ಹೊತ್ತು ನೀರಿಗೆ ಬಿಡುತ್ತಲೇ ಇದ್ದರು. ನಾನು ಏರಿಯ ಮೇಲೆ ನಿಂತಿದ್ದೆ. ತೂಬು ಇಳಿಸಲು ಹತ್ತು ಹೆಜ್ಜೆ ನಡೆದರೆ ಸಾಕಿತ್ತು... ನಡೆಯಲಿಲ್ಲ.

ಮರುವರ್ಷ ಅವರ ಬಲೆಗೆ ಗೆಂಡೆ ಬಿದ್ದದ್ದೇ ಅಪರೂಪ. ಮಗಳಿದ್ದ ಪಾಲಾರಿನ ಕಡೆ ಹೊರಟುಬಿಟ್ಟರು. ಬಸ್ಸು ಹತ್ತುವಾಗ ನನ್ನ ಭುಜ ಹಿಡಿದು, "ಆರ್ಡರ್ ಕೊಟ್ಟೋನ್ ಯಾರೋ, ಅವ್ನ್ ಮ್ಯಾಲೆ ಸಿಟ್ಟು ಕಣ್ಲಾ. ನಿನ್ ಮ್ಯಾಲಲ್ಲ," ಎಂದರು. ಆಗಲಾದರೂ ಹೇಳಬೇಕಿತ್ತು... ಬಸ್ಸು ಹೊರಟಿತು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಇವತ್ತು ಒಣಮೀನಿನ ಸಾರು ಬಡಿಸಿದಾಗ ತಟ್ಟೆ ಪಕ್ಕಕ್ಕೆ ಸರಿಸಿದೆ. ಎದ್ದು ಕೆರೆಗೆ ಹೋದೆ. ಹೊಸ ನೀರು ಬಂದಿದೆ. ಅಂಚಿನಲ್ಲಿ ಕುಳಿತು, ಅವರಂತೆಯೇ ಮೊಣಕೈವರೆಗೆ ತೋಳು ಅದ್ದಿ ಕಣ್ಣು ಮುಚ್ಚಿದೆ. ತಣ್ಣಗಿತ್ತು. ನನಗೆ ತಿಳಿದದ್ದು ಅಷ್ಟೇ.