ಮುಚ್ಚಳ ತೆಗೆಯದ ಮೂರು ಬೆಳಗು

ಪಕ್ಕದ ಮನೆಯವರಿಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ಕೆಂಪಕ್ಕಿ ಅನ್ನ ಉಣ್ಣಿ ಅಂದಿದ್ದಾರಂತೆ. ಮೊನ್ನೆ ಬೆಳಗ್ಗೆ ಅವರು ಗಂಜಿ ಬಸಿದ ಹಬೆ ಗೋಡೆ ದಾಟಿ ನಮ್ಮ ಹಿತ್ತಲಿಗೂ ಬಂತು. ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟೆ. ಮೈಸೂರಿನ ನಮ್ಮ ಅಶೋಕಪುರಂ ಎಲ್ಲೋ ಸರಿದುಹೋಯಿತು. ಬರಿಗಾಲಿನಲ್ಲಿ ಒಂದು ಮಣ್ಣಿನ ಓಣಿ, ಮಂಜು, ಕಾಣದ ಸಮುದ್ರದ ಸದ್ದು... ಓಣಿಯ ತುದಿಯಲ್ಲಿ ಅನ್ನದ ಪಾತ್ರೆ ಹಿಡಿದು ನಿಂತ ಕೊನೆಮನೆಯ ಅಜ್ಜಿ.

ಆಗ ನನಗೆ ಇಪ್ಪತ್ತೆರಡು. ಕಲಿತು ಊರಿಗೆ ಬಂದು ಬುದ್ಧನ ಧಮ್ಮ ಹೇಳಿಕೊಡಲು ಒಬ್ಬ ಹುಡುಗ ತಯಾರಾಗಲಿ ಎಂದು ನಮ್ಮ ವಿಹಾರದ ಹಿರಿಯರು ಲಂಕೆಗೆ ತರಬೇತಿಗೆ ಕಳಿಸಲು ನೋಡುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರಲ್ಲ, ಬೀದಿಯಲ್ಲಿ ಎಲ್ಲರಿಗಿಂತ ಬಾಯಿ ನನ್ನದೇ ದೊಡ್ಡದಿತ್ತು. ನನ್ನನ್ನೇ ಕಳಿಸಿದರು. ಅಲ್ಲಿ ಮೊದಲ ದಿನವೇ ತಲೆ ಬೋಳಿಸಿ, ಭಿಕ್ಕುಗಳ ಕಾವಿ ಚೀವರ ಉಡಿಸಿ, ಮುಚ್ಚಳವಿರುವ ಕಪ್ಪು ಭಿಕ್ಷಾಪಾತ್ರೆಯೊಂದನ್ನು ಕೈಗಿಟ್ಟರು. ದಿನಾ ಬೆಳಗ್ಗೆ ಸಾಲಾಗಿ ಓಣಿಯಲ್ಲಿ ಹೋಗಬೇಕು, ಮಾತಾಡಬಾರದು, ಮನೆಯವರು ಹಾಕಿದ್ದನ್ನು ತಂದು ಉಣ್ಣಬೇಕು.

ಪುಸ್ತಕದಲ್ಲಿ ಓದುವಾಗ ಇದೆಲ್ಲ ಚೆನ್ನಾಗಿತ್ತು. ಪಾತ್ರೆ ಕೈಗೆ ಬಂದಾಗ ಮಾತ್ರ ಅವ್ವನ ದನಿ ಕೇಳಿಸಿತು. ಅವ್ವ ಚಿಕ್ಕವಳಿದ್ದಾಗ ಹಳ್ಳಿಯ ದೊಡ್ಡ ಮನೆಯ ಹಿತ್ತಲಲ್ಲಿ ಸೆರಗೊಡ್ಡಿ ನಿಲ್ಲುತ್ತಿದ್ದಳು. ಅವರು ಸೆರಗಿಗೆ ಕೈ ತಾಗದ ಹಾಗೆ ಮೇಲಿನಿಂದ ಅನ್ನ ಎಸೆಯುತ್ತಿದ್ದರು. ಮೈಸೂರಿಗೆ ಬಂದು ನಾಲ್ಕು ಮನೆ ಮುಸುರೆ ತಿಕ್ಕಿ ನನ್ನನ್ನು ಓದಿಸಿದವಳು ಹೇಳುತ್ತಿದ್ದುದು ಒಂದೇ ಮಾತು: "ಉಪಾಸ ಬೇಕಾದ್ರೆ ಬಿದ್ದಿರು ಮಗ. ಯಾರ ಮುಂದೂ ಕೈಯೊಡ್ಬ್ಯಾಡ."

ಹೊಸಬನಾದ್ದರಿಂದ ಸಾಲಿನಲ್ಲಿ ನಾನೇ ಕೊನೆ. ಬೇರೆ ಮನೆಗಳ ಮುಂದೆ ನನಗಿಂತ ಮುಂದಿದ್ದವರ ನೆರಳಲ್ಲಿ ಹೇಗೋ ನುಸುಳಿಬಿಡುತ್ತಿದ್ದೆ. ಕೊನೆಮನೆಯ ಅಜ್ಜಿ ಮಾತ್ರ ಕೊನೆಯವನಿಗೆಂದೇ ಒಂದು ಸೌಟು ಅನ್ನ ಉಳಿಸಿಕೊಂಡು ಕಾಯುತ್ತಿದ್ದರು. ನಾನು ಮುಚ್ಚಳ ತೆಗೆಯಲಿಲ್ಲ. ತಲೆ ತಗ್ಗಿಸಿ ಮುಂದೆ ಹೋದೆ. ಎರಡನೇ ದಿನ ಅವರು ಹಲಸಿನಕಾಯಿ ಪಲ್ಯವನ್ನೂ ಮಾಡಿ ತಂದಿದ್ದರು. ಮೂರನೇ ದಿನ ಬಿಳಿ ಸೀರೆಯುಟ್ಟು, ಬಾಗಿಲ ಮುಂದೆ ನೀರು ಚಿಮುಕಿಸಿ ನಿಂತಿದ್ದರು. ಆಗಲೂ ನಾನು ತೆಗೆಯಲಿಲ್ಲ. ಎತ್ತಿದ ಸೌಟು ಎತ್ತಿದಂತೆಯೇ ಇತ್ತು, ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಪಕ್ಕದ ಮನೆಗಳ ಹೆಂಗಸರು ಅವರನ್ನೇ ನೋಡುತ್ತಿದ್ದರು.

ಆ ಮೂರು ದಿನ ನಾನೇನು ಉಪವಾಸವಿರಲಿಲ್ಲ! ಬೇರೆಯವರು ತಂದದ್ದರಲ್ಲಿ ಅಲ್ಲಿನ ಗುರುಗಳು ನನಗೂ ಬಡಿಸುತ್ತಿದ್ದರು. ಬೇಡಿದ್ದು ನಾನಲ್ಲವಲ್ಲ ಎಂದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಉಣ್ಣುತ್ತಿದ್ದೆ. ಮೂರನೇ ದಿನ ಊಟವಾದ ಮೇಲೆ ಗುರುಗಳು ಕರೆದರು. ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು: "ಆ ತಾಯಿ ಮಾಡಿದ ತಪ್ಪೇನು?"

ನನಗೆ ಅರ್ಥವಾಗಲಿಲ್ಲ.

"ಕೊಡಲು ಬಂದವರ ಎದುರು ಪಾತ್ರೆ ಮುಚ್ಚಿದರೆ, ನಿಮ್ಮ ಮನೆಯ ಅನ್ನ ನಮಗೆ ಆಗದು ಎಂದ ಹಾಗೆ. ಓಣಿಯವರೆಲ್ಲ ಆಕೆ ಏನು ಪಾಪ ಮಾಡಿದ್ದಾಳೋ ಅನ್ನುತ್ತಿದ್ದಾರೆ."

ನಿಮ್ಮ ಮನೆಯ ಅನ್ನ ಆಗದು... ನಮ್ಮ ಅಜ್ಜ ಕೇಳಿದ್ದ ಮಾತು, ಅವ್ವ ಕೇಳಿದ್ದ ಮಾತು. ಅದನ್ನೇ ನಾನು, ನನ್ನ ಮಾನ ಉಳಿಸಿಕೊಳ್ಳಲು ಹೋಗಿ, ಒಬ್ಬ ಮುದುಕಿಗೆ ಮೂರು ಬೆಳಗು ಹೇಳಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಗುರುಗಳಿಗೆ ಅವ್ವನ ಕಥೆಯನ್ನೆಲ್ಲ ಹೇಳಿದೆ. ಅವರು "ನಾಳೆ ಪಾತ್ರೆಯನ್ನಲ್ಲ, ಆಕೆಯ ಪಾದ ನೋಡು" ಎಂದರು.

ಮರುದಿನ ನೋಡಿದೆ. ನಾನು ಹತ್ತಿರ ಬರುತ್ತಿದ್ದಂತೆ ಅಜ್ಜಿ ಚಪ್ಪಲಿ ಬಿಟ್ಟು, ತಣ್ಣನೆಯ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತರು. ಮುಚ್ಚಳ ತೆಗೆದೆ. ಅನ್ನ ಹಾಕಿ, ಆ ವಯಸ್ಸಿನಲ್ಲಿ ಮಂಡಿಯೂರಿ ನನಗೆ ಕೈಮುಗಿದರು. ಏನೋ ಅಂದರು. ನನಗೆ ಆ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಮಂಜಿನಲ್ಲಿ ವಾಪಸ್ಸು ಹೇಗೆ ನಡೆದು ಬಂದೆನೋ ತಿಳಿಯದು. ಪಾತ್ರೆ ಎದೆಗೆ ಬೆಚ್ಚಗೆ ತಾಗುತ್ತಿತ್ತು.

ಆ ಭಾನುವಾರ ಮನೆಗೆ ಫೋನ್ ಮಾಡಲು ಬಿಟ್ಟರು. ಅವ್ವ ಕೇಳಿದ್ದೇ ಊಟದ ವಿಚಾರ. ಹಾಸ್ಟೆಲ್ಲಿನ ಊಟ ಎಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಎಲ್ಲ ಕೇಳಿಸಿಕೊಂಡ ಅವ್ವ ಒಂದೇ ಮಾತು ಕೇಳಿದಳು.

"ಚಪ್ಲಿ ಬುಟ್ಟು ಕೊಟ್ರಾ?"

"ಹೂಂ ಕಣವ್ವ. ಮಂಡಿಯೂರಿ ಕೈಮುಗುದ್ರು."

ಅವ್ವ ಅಳುತ್ತಿದ್ದಳು.

"ಅಂಗಾದ್ರೆ ಈಸ್ಕೊ ಮಗ," ಅಂದಳು. "ಒಟ್ಟೆ ತುಂಬ ಉಣ್ಣು."

ಆಮೇಲೆ ಬೀದಿಯ ನಲ್ಲಿ ಮುಂದೆ "ನನ್ ಮಗ ಅಲ್ಲಿ ಭಿಕ್ಷೆ ಎತ್ತಿ ಉಣ್ತಾನೆ ಕಣ್ರೀ!" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳಂತೆ. ಪ್ರತಿ ಫೋನಿನಲ್ಲೂ "ಆವಮ್ಮ ಎಂಗವ್ರೆ?" ಎಂದು ಕೇಳದೆ ಇಡುತ್ತಿರಲಿಲ್ಲ.

ಅಜ್ಜಿಯಲ್ಲಿ ಕ್ಷಮೆ ಕೇಳಬೇಕಿತ್ತು. ಓಣಿಯಲ್ಲಿ ಮಾತಾಡುವಂತಿರಲಿಲ್ಲ. ಹುಣ್ಣಿಮೆಗೆ ಅವರು ವಿಹಾರಕ್ಕೆ ಬರುತ್ತಾರೆ, ಆಗ ಹೇಳು ಎಂದು ಗುರುಗಳು ಅವರ ಭಾಷೆಯಲ್ಲಿ ಒಂದು ವಾಕ್ಯ ಕಲಿಸಿದರು. ದಿನವೂ ಉರು ಹೊಡೆದೆ. ಹುಣ್ಣಿಮೆಗೆ ಎರಡು ದಿನವಿರುವಾಗ ಓಣಿಯುದ್ದಕ್ಕೂ ಬಿಳಿ ಬಟ್ಟೆ ಕಟ್ಟಿದ್ದರು. ಸಾವಿನ ಮನೆಗೆ ಅಲ್ಲಿ ಹಾಗೆ ಕಟ್ಟುತ್ತಾರೆ. ಕೊನೆಮನೆಯ ಮುಂದೆ ಮುಚ್ಚಳ ತೆಗೆದು ನಿಂತೆ... ಯಾರೂ ಬರಲಿಲ್ಲ.

ಅವ್ವನಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಚೀವರ ಬಿಟ್ಟು ಊರಿಗೆ ಬಂದ ಮೇಲೂ ಕೇಳುತ್ತಿದ್ದಳು, "ಚೆನ್ನಾಗವ್ರೆ ಕಣವ್ವ" ಅನ್ನುತ್ತಿದ್ದೆ. ಹೋದ ವರ್ಷ ಅವ್ವನೂ ಹೋದಳು. ಈಗ ಭಾನುವಾರಗಳಂದು ವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಲಂಕೆಯಲ್ಲಿ ಕಲಿತ ಭಾಷೆಯೆಲ್ಲ ಮರೆತುಹೋಗಿದೆ. ಆ ಒಂದು ವಾಕ್ಯ ಮಾತ್ರ ಇವತ್ತಿಗೂ ಬಾಯಿಪಾಠವಾಗಿದೆ. ಒಂದು ಸಲವೂ ಅದನ್ನು ಯಾರಿಗೂ ಹೇಳಿಲ್ಲ.